ಕಡತದ ಮೊದಲ ಸಹಿ

ಈ ವರ್ಷ, 2006ರ ಜನವರಿಯ ಒಂದು ಶನಿವಾರ ಹೊಸಪೇಟೆಯ ಲೋಕ ಅದಾಲತ್‌ನಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರು ನಮ್ಮ ದಾವೆಯ ಕಡತ ತೆರೆದರು. ಮೊದಲ ಹಾಳೆಯಲ್ಲಿ ಅವರದೇ ಸಹಿ ಇತ್ತು.

ಹದಿನೇಳು ವರ್ಷಗಳ ಹಿಂದೆ ಇದೇ ಊರಿನಲ್ಲಿ ಮುನ್ಸೀಫರಾಗಿದ್ದಾಗ ಅವರು ನಮಗೆ ಮುಂದಿನ ತಾರೀಕು ಕೊಟ್ಟು ಹಾಕಿದ್ದ ಸಹಿ ಅದು. ಈಗ ತಿಂಗಳಿಗೆ ಎರಡು ಶನಿವಾರ ಬಂದು ರಾಜಿ ಮಾಡಿಸುತ್ತಾರೆ.

ವಡ್ಡು ಗ್ರಾಮದ ನಮ್ಮ ಹೊಲಕ್ಕೆ ಇದ್ದದ್ದು ಒಂದೇ ದಾರಿ, ದೊಡ್ಡಪ್ಪನ ಮಗ ಬಸಣ್ಣನ ಹೊಲದ ಬದುವಿನ ಗುಂಟ. ಅವನು ಅದಕ್ಕೆ ಮುಳ್ಳುಬೇಲಿ ಹಾಕಿದ ಮೇಲೆ ಜೋಳವನ್ನು ಹಳ್ಳ ಸುತ್ತಿ ತಲೆಯ ಮೇಲೆ ಹೊತ್ತು ತರುತ್ತಿದ್ದೆವು.

ನ್ಯಾಯಾಧೀಶರು ಕನ್ನಡಕ ತೆಗೆದರು. "ಈ ತಾರೀಕು ಕೊಟ್ಟಾಂವ ನಾನ. ನಾನ ಕುಂದರಲೋ, ಬ್ಯಾರೆಯವರನ್ನ ಕರೀಲೋ? ಇಬ್ರೂ ಹೇಳ್ರಿ."

ನಾನು ಒಪ್ಪಿದೆ. ಅದಿರು ಲಾರಿ ಓಡಿಸುವ ಬಸಣ್ಣ ಅಂದಿನ ಟ್ರಿಪ್ ಬಿಟ್ಟು ಬಂದಿದ್ದ. "ನೀವ ಹಾಕಿದ ಗಂಟು ಸಾಹೇಬ್ರ, ನೀವ ಬಿಚ್ರಿ" ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವರು ನ್ಯಾಯಾಧೀಶರೇ.

"ಬೇಲಿ ಯಾಕ ಹಾಕಿದ್ರಿ?" ಎಂದು ಅವರು ಕೇಳಿದರು.

"ಇವನ ಬಂಡಿ ಹಾದು ನನ್ನ ಬದು ಕುಸೀತ್ರಿ. ತಪ್ಪಾತು ಅಂತ ಒಂದ್ ಮಾತು ಅನ್ಲಿಲ್ಲ."

ಅಷ್ಟು ವರ್ಷಗಳಲ್ಲಿ ಕೋರ್ಟಿನಲ್ಲಿ ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಮನೆಯಲ್ಲಿ ನಾನೂ ಕೇಳಿರಲಿಲ್ಲ. "ತಪ್ಪಾತು ಬಸಣ್ಣ" ಎಂದೆ. ಬದು ನಾನು ಕಟ್ಟಿಸಿಕೊಡುವುದು, ಬೇಲಿ ಅವನು ಕೀಳುವುದು ಎಂದು ಬರೆಸಿ, ಇಬ್ಬರೂ ರಾಜಿ ಪತ್ರಕ್ಕೆ ರುಜು ಹಾಕಿದೆವು.

ಬದುವಿನ ಕೆಲಸ ಮುಗಿದಿದೆ. ಈ ಸಲದ ಜೋಳ ಕಳೆದ ವಾರ ಟ್ರ್ಯಾಕ್ಟರ್‌ನಲ್ಲಿ ಆ ದಾರಿಯಲ್ಲೇ ಮನೆಗೆ ಬಂತು. ಓಡಿಸಿಕೊಂಡು ಬಂದವನು ಬಸಣ್ಣ.