ಎಂಟು ಗ್ರಾಂ ಕೇಳಿದವನಿಗೆ ಎರಡು ಗ್ರಾಂ ಕೊಟ್ಟದ್ದು

೨೦೨೩ರಲ್ಲಿ ನಾನು ಶಿರಾದ ಒಂದು ಆಭರಣದ ಅಂಗಡಿಯಲ್ಲಿ ಉಂಗುರದ ಕೌಂಟರ್ ನೋಡಿಕೊಳ್ಳುತ್ತಿದ್ದೆ. ಆ ಕೌಂಟರ್‌ನ ಹಿಂದೆ ನಿಂತು ಇಪ್ಪತ್ತಾರು ವರ್ಷವಾಗಿತ್ತು, ನಿವೃತ್ತಿಗೆ ಇನ್ನೊಂದು ವರ್ಷ ಬಾಕಿ ಇತ್ತು. ನಿಶ್ಚಿತಾರ್ಥದ ಉಂಗುರಕ್ಕೆ ಬಂದವರಲ್ಲಿ ಗಂಡಿನವರು ಯಾರು, ಹೆಣ್ಣಿನವರು ಯಾರು ಎಂದು ಬಾಯಿ ಬಿಟ್ಟ ಕೂಡಲೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಗಂಡಿನವರು ಮೊದಲು ಡಿಸೈನ್ ಕೇಳುತ್ತಾರೆ. ಹೆಣ್ಣಿನವರು ಮೊದಲು ತೂಕ ಕೇಳುತ್ತಾರೆ.

ಅದಕ್ಕೆ ಕಾರಣವಿದೆ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಗಂಡಿನವರು ಹುಡುಗಿಗೆ ಎಷ್ಟು ಗ್ರಾಂ ಉಂಗುರ ಹಾಕುತ್ತಾರೋ, ಹೆಣ್ಣಿನವರು ಹುಡುಗನಿಗೆ ಅಷ್ಟೇ ಗ್ರಾಂ ಹಾಕಬೇಕು. ಇದು ಯಾರೂ ಮಾಡಿದ ಕಾನೂನಲ್ಲ. ಆದರೂ ಚಾಪೆಯ ಮೇಲೆ ಕೂತ ಹಿರಿಯರು ಎರಡೂ ಉಂಗುರಗಳನ್ನು ಅಂಗೈಯಲ್ಲಿಟ್ಟು ತೂಗಿ ನೋಡದೆ ಎಲೆ ಅಡಿಕೆ ಮುಟ್ಟುವುದಿಲ್ಲ.

ಆ ವರ್ಷದ ಮಾಘದಲ್ಲಿ, ಒಂದು ಸೋಮವಾರ, ಬರಗೂರಿನ ಬಸ್ಸಿಳಿದು ಒಬ್ಬ ಹುಡುಗಿ ಒಬ್ಬಳೇ ಬಂದಳು. ಹೆಸರು ಭಾಗ್ಯ. ಬಿ.ಎಡ್. ಮುಗಿಸಿ ಊರಿನ ಹತ್ತಿರದ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ಅತಿಥಿ ಎಂದರೆ ಉಪಚಾರವೇನೂ ಇಲ್ಲ, ತಿಂಗಳಿಗೆ ಹತ್ತು ಸಾವಿರ, ಅದೂ ಸರ್ಕಾರಕ್ಕೆ ನೆನಪಾದಾಗ. ಅವಳು ಏನನ್ನೂ ತೋರಿಸಿ ಎನ್ನಲಿಲ್ಲ. ಸ್ಟೂಲಿನ ಮೇಲೆ ಕೂತು, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ಮಾತು ತೆಗೆದಳು.

"ಮೇಡಂ, ಗುರುವಾರ ಬಲಸಮುದ್ರದಿಂದ ಒಬ್ರು ಬರ್ತಾರೆ. ಈರಣ್ಣ ಅಂತ. ನಂಗೆ ಉಂಗ್ರ ತಗಳಕೆ. ಎಂಟು ಗ್ರಾಂ ಅಂತ ಹಟ ಹಿಡ್ದವ್ರೆ. ಹೆಂಗಾದ್ರೂ ಮಾಡಿ ಎರಡು ಗ್ರಾಂಗೆ ಇಳ್ಸಿ."

ನನ್ನ ಸರ್ವಿಸ್‌ನಲ್ಲಿ ಉಂಗುರ ದೊಡ್ಡದು ಮಾಡಿಸಲು ಬಂದವರನ್ನು ಕಂಡಿದ್ದೆ, ಚಿಕ್ಕದು ಮಾಡಿಸಲು ಬಂದವಳು ಇವಳೇ ಮೊದಲು. ಅವರಿಗೇ ಹೇಳಬಾರದೇನಮ್ಮ ಎಂದೆ.

"ಹೇಳಿದ್ರೆ, ನಂಗೆ ವಾಪಸ್ ಏನೂ ಬ್ಯಾಡ ಅಂದ್ಬುಡ್ತಾರೆ. ಅವ್ರು ಅಂಥೋರೇ. ಆದ್ರೆ ಅಮ್ಮ ಕೇಳಲ್ಲ. ಕಿವೀಲಿರೋ ಓಲೆ ಬಿಚ್ಚಿ ಕರಗ್ಸಿ ಹಾಕ್ತಾಳೆ. ಅಪ್ಪ ಮಾಡ್ಸಿಕೊಟ್ಟಿದ್ದು ಅಂತ ಉಳ್ದಿರೋದು ಅದೊಂದೇ."

ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಅಳಲಿಲ್ಲ. ತಾನು ಬಂದದ್ದನ್ನು ಅವನಿಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡೇ ಎದ್ದಳು. ನಾನೂ ಮಾತು ಕೊಟ್ಟೆ. ಕೊಟ್ಟ ಮೇಲೆ ತಲೆ ಕೆರೆದುಕೊಂಡೆ. ಹೆಚ್ಚು ಮಾರುವುದು ನನಗೆ ಗೊತ್ತಿದ್ದ ವಿದ್ಯೆ, ಕಡಿಮೆ ಮಾರುವುದನ್ನು ಯಾರೂ ಕಲಿಸಿರಲಿಲ್ಲ.

ಗುರುವಾರ ಹನ್ನೊಂದಕ್ಕೆ ಈರಣ್ಣ ಬಂದ. ಸೋಲಾರ್ ಪಾರ್ಕಿನಲ್ಲಿ ಪ್ಯಾನಲ್ ತೊಳೆಯುವವರ ಮೇಲ್ವಿಚಾರಕ. ಕುರಿ ಕಾಯುತ್ತಿದ್ದ ಮನೆತನದಲ್ಲಿ ಮೊದಲು ಐ.ಟಿ.ಐ. ಓದಿದವನು. ಜೊತೆಯಲ್ಲಿ ಅವನನ್ನು ಸಾಕಿದ ಸೋದರತ್ತೆ ಸಣ್ಣಕ್ಕ. ಹುಡುಗಿಯ ಬೆರಳಿನ ಅಳತೆಯ ದಾರವನ್ನು ಆಕೆ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದರು.

"ಎಂಟು ಗ್ರಾಂದು ತೋರ್ಸಿ ಮೇಡಂ. ಕಲ್ಲಿಂದು," ಎಂದ ಈರಣ್ಣ.

ಆಗ ಗ್ರಾಂಗೆ ಐದೂವರೆ ಸಾವಿರದ ಆಸುಪಾಸಿತ್ತು. ಅದರ ಮೇಲೆ ವೇಸ್ಟೇಜ್, ಅಂದರೆ ಒಡವೆ ಮಾಡುವಾಗ ಸವೆಯುವ ಚಿನ್ನದ ಹೆಸರಿನಲ್ಲಿ ನಾವು ಹಾಕುವ ಕೂಲಿ, ಆಮೇಲೆ ಜಿ.ಎಸ್.ಟಿ. ಒಟ್ಟು ಐವತ್ತು ಸಾವಿರ ದಾಟುತ್ತದೆ ಎಂದು ಹೆದರಿಸಿದೆ. ಅವನು ಹೆದರಲಿಲ್ಲ. ಭಾರದ ಉಂಗುರ ತೊಟ್ಟು ಸೀಮೆಸುಣ್ಣ ಹಿಡಿಯುವುದು ಕಷ್ಟ ಎಂದೆ. ಟೀಚರ್ ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿಬಿಟ್ಟ. ನಾಲಿಗೆ ಕಚ್ಚಿಕೊಂಡು, ಈಗಿನ ಹುಡುಗಿಯರೆಲ್ಲ ಟೀಚರೇ ಅಲ್ಲವೇನಪ್ಪ ಎಂದು ಹಾರಿಸಿದೆ. ಸಣ್ಣಕ್ಕ ನನ್ನನ್ನೇ ದಿಟ್ಟಿಸಿ ನೋಡಿದರು.

ಅಷ್ಟೊಂದು ಯಾಕಪ್ಪ ಎಂದು ಕೊನೆಗೆ ನೇರವಾಗಿ ಕೇಳಿದೆ. ಅವನು ತಲೆ ತಗ್ಗಿಸಿದ.

"ಅವ್ಳು ಬಿ.ಎಡ್. ಮಾಡವ್ಳೆ ಮೇಡಂ. ನಾನು ಗಾಜು ತೊಳ್ಸೋನು. ಸ್ಕೂಲಲ್ಲಿ ಯಾರಾದ್ರೂ ಕೈ ನೋಡಿ, ಏನೇ ಇಂಥೋನ್ನ ಒಪ್ಕಂಡೆ ಅಂದ್ಬುಟ್ರೆ?"

ನನಗೆ ಪಾಪ ಅನ್ನಿಸಿತು. ಆ ಹುಡುಗ ಚಿನ್ನ ಕೊಳ್ಳಲು ಬಂದಿರಲಿಲ್ಲ, ಧೈರ್ಯ ಕೊಳ್ಳಲು ಬಂದಿದ್ದ. ಒಂದು ಮಾತು ಆಡಿದ್ದರೆ ಎಲ್ಲ ಸರಿಹೋಗುತ್ತಿತ್ತು, ಆದರೆ ಆ ಮಾತು ನನ್ನದಾಗಿರಲಿಲ್ಲ. ಎಂಟು ಗ್ರಾಂ ಉಂಗುರವನ್ನು ತಕ್ಕಡಿಯ ಮೇಲಿಟ್ಟು, ಬಿಲ್ ಪುಸ್ತಕ ತೆರೆಯುವ ಮೊದಲು ಒಂದು ಪ್ರಶ್ನೆ ಕೇಳಿದೆ.

"ವಾಪಸ್ ಉಂಗುರ ಯಾರು ಕೊಡಿಸ್ತಾರೆ?"

"ಅವ್ರ ಮನೆಯೋರು," ಎಂದ.

"ಮನೆಯಲ್ಲಿ ಯಾರ್ಯಾರಿದ್ದಾರೆ?"

"ಅವ್ಳು, ಅವ್ರಮ್ಮ..." ಎಂದವನು ಅಲ್ಲಿಗೇ ನಿಂತ. ತೂಕಕ್ಕೆ ತೂಕ ಎಂಬ ರೂಢಿ ಅವನಿಗೆ ಗೊತ್ತಿಲ್ಲದ್ದಲ್ಲ. ಅದು ಹಿರಿಯರ ಬಾಬತ್ತು, ತಾನಾಗಿ ನಡೆಯುತ್ತದೆ ಎಂದುಕೊಂಡಿದ್ದ. ಇತ್ತ ತಾನು ಏರಿಸಿದ ಒಂದೊಂದು ಗ್ರಾಂ ಅತ್ತ ಅವಳ ತಲೆಯ ಮೇಲೆ ಕೂರುತ್ತದೆ ಎಂದು ಲೆಕ್ಕ ಹಾಕಿರಲಿಲ್ಲ.

"ಹಂಗಾದ್ರೆ ನಂಗೆ ವಾಪಸ್ ಉಂಗ್ರಾನೇ ಬ್ಯಾಡ."

ಸಣ್ಣಕ್ಕ ಆಗ ತಮ್ಮ ಗಡಿ ಸೀಮೆಯ ತೆಲುಗು ಬೆರೆಸಿ ಬಾಯಿ ಬಿಟ್ಟರು. "ಏಮ್ರಾ, ಬುದ್ಧಿ ಐತಾ? ತಗಳಲ್ಲ ಅಂದ್ರೆ ಆವಮ್ಮನ್ನ ಹತ್ತು ಜನದ ಮುಂದೆ ಬಡವಿ ಅಂದಂಗೆ ಕಣ್ಲಾ. ಅವ್ರು ತಲೆ ಎತ್ಕಂಡು ಕೊಡೋವಂಥದ್ದು ತಗಾ. ಅಷ್ಟೇ."

ಈರಣ್ಣ ಎಂಟು ಗ್ರಾಂ ಉಂಗುರವನ್ನು ನನ್ನ ಕಡೆ ಸರಿಸಿ, ಎಲ್ಲಕ್ಕಿಂತ ಹಗುರದ್ದು ಎಷ್ಟಿದೆ ಎಂದು ಕೇಳಿದ; ಎರಡು ಗ್ರಾಂ ಎಂದೆ. ಆ ಟ್ರೇ ತೋರಿಸಿ ಎಂದ. ತೆಳುವಾದ, ಬೇವಿನ ಎಲೆ ಕೆತ್ತಿದ ಒಂದನ್ನು ಆರಿಸಿದ. ದಾರಕ್ಕೆ ಸರಿಯಾಗಿ ಕೂತಿತು.

"ಇದ್ನ ನೋಡಿ ಅವ್ಳಿಗೆ ಬೇಜಾರಾದ್ರೆ ಮೇಡಂ?"

"ಬೇಜಾರಾದರೆ ತಂದುಕೊಡು. ಎಂಟು ಗ್ರಾಂದು ಇಲ್ಲೇ ಇರುತ್ತೆ, ಓಡಿಹೋಗಲ್ಲ."

ಬಿಲ್ ಆದ ಮೇಲೂ ಅವನು ಏಳಲಿಲ್ಲ. ಗಂಡಸರ ಉಂಗುರದಲ್ಲಿ ಅಷ್ಟೇ ತೂಕದ್ದು ಇದೆಯೇ ಎಂದು ಕೇಳಿದ. ಹುಡುಕಿ ಕೊಟ್ಟೆ. ಬೆರಳಿಗೆ ಹಾಕಿ ನೋಡಿ, ಬಿಚ್ಚಿ, ನನ್ನ ಮುಂದಿಟ್ಟ.

"ಇದ್ಕೆ ನಾನೊಂದು ರೂಪಾಯಿನೂ ಕಟ್ಟಲ್ಲ. ಕಟ್ಟಿದ್ರೆ ಅವ್ರಿಗೆ ಅವಮಾನ. ಬರಗೂರು ಕಡೆಯಿಂದ ಯಾರಾದ್ರೂ ಕೇಳ್ಕಂಡು ಬಂದ್ರೆ ಇದನ್ನೇ ಮೊದ್ಲು ತೋರ್ಸಿ. ನಾನು ಹೇಳ್ದೆ ಅನ್ಬ್ಯಾಡಿ."

ಅವನಿಗೂ ಮಾತು ಕೊಟ್ಟೆ. ಒಂದೇ ವಾರದಲ್ಲಿ ಇಬ್ಬರ ಗುಟ್ಟು ನನ್ನ ಹೊಟ್ಟೆಯಲ್ಲಿ. ಅವತ್ತು ಊಟವೇ ಬೇಕೆನಿಸಲಿಲ್ಲ, ಅಷ್ಟು ಸಂತೋಷವಾಗಿತ್ತು.

ಮುಂದಿನ ವಾರ ಭಾಗ್ಯ ತಾಯಿಯ ಜೊತೆ ಬಂದಳು. ಎರಡು ಗ್ರಾಂ ಎಂಬ ಸುದ್ದಿ ಅಷ್ಟರಲ್ಲಿ ಅವರ ಮನೆ ಮುಟ್ಟಿತ್ತು. ತಾಯಿ ನಿರಾಳವಾಗಿ ಕೂತು ಮಜ್ಜಿಗೆ ಕುಡಿದರು. ನಾನು ಟ್ರೇಗಳನ್ನೆಲ್ಲ ಬಿಟ್ಟು ಆ ಒಂದು ಉಂಗುರವನ್ನು ಅವಳ ಮುಂದಿಟ್ಟೆ. ತೂಕ ನೋಡಿದಳು. ಆಮೇಲೆ ಪರ್ಸಿನಿಂದ ಈರಣ್ಣನ ಅಳತೆಯ ದಾರ ತೆಗೆದಳು. ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂತಿತು.

ಅವಳು ದಾರವನ್ನೂ ಉಂಗುರವನ್ನೂ ಹಿಡಿದು ನನ್ನ ಮುಖ ನೋಡಿದಳು.

"ಹೇಳ್ಬುಟ್ರಾ ಮೇಡಂ?"

"ಇಲ್ಲ ಕಣಮ್ಮ. ಒಂದು ಪ್ರಶ್ನೆ ಕೇಳಿದೆ, ಅಷ್ಟೇ."

ಸೋಮವಾರ ತಡೆದುಕೊಂಡಿದ್ದ ಅಳು ಅಲ್ಲಿ ಬಂತು. ತಾಯಿ ಗಾಬರಿಯಾಗಿ ಏನಾಯಿತೆಂದು ಕೇಳಿದರೆ, ಅಳುತ್ತಲೇ ನಗುತ್ತ, "ಅಳತೆ ಸರಿಯಾಗೈತೆ ಕಣಮ್ಮ," ಎಂದಳು.

ನಿಶ್ಚಿತಾರ್ಥದ ಉಂಗುರಕ್ಕೆ ಎಷ್ಟು ಖರ್ಚು ಮಾಡಬೇಕು ಎಂದು ಈಗಲೂ ಪರಿಚಯದವರು ನನಗೆ ಫೋನ್ ಮಾಡಿ ಕೇಳುತ್ತಾರೆ. ನಿಮ್ಮ ಸಂಬಳ ಎಷ್ಟು ಎಂದು ನಾನು ವಿಚಾರಿಸುವುದಿಲ್ಲ. ಅದನ್ನು ತೊಡುವವಳು ಹಾಯಾಗಿ ಎಷ್ಟು ತೊಡಬಲ್ಲಳು, ಮೊದಲು ಅದನ್ನು ತಿಳಿದುಕೊಂಡು ಬನ್ನಿ ಎನ್ನುತ್ತೇನೆ.