ಕುಂಕುಮದ ಅಡಿಯ ನಂಬರು

ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ರೈಫಲ್ಲಿನ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಬೇಕಿತ್ತು. ಪೊಲೀಸರಿಗೆ ತೋರಿಸುವ ಮೊದಲು ಅದನ್ನು ಮೌಂಟ್ ರೋಡಿನ ಹತ್ತಿರ ಕೋವಿ ರಿಪೇರಿ ಮಾಡುವ ಮುದುಕನ ಬಳಿ ಒಯ್ದೆ. ನಳಿಗೆಯ ಬುಡದಲ್ಲಿ ಗಟ್ಟಿಯಾಗಿ ಮೆತ್ತಿಕೊಂಡಿದ್ದ ಗಂಧ, ಕುಂಕುಮವನ್ನು ಅವನು ಎಣ್ಣೆ ಬಟ್ಟೆಯಿಂದ ಒರೆಸಿದ. ಅಡಿಯಲ್ಲೊಂದು ನಂಬರಿತ್ತು. ಕೋವಿಯ ಮೈಮೇಲಿನ ನಂಬರು ಲೈಸೆನ್ಸಿಗೆ ಸರಿಹೊಂದುತ್ತಿತ್ತು, ನಳಿಗೆಯದು ಬೇರೆಯೇ.

ಕದ್ದ ಮಾಲೇ? ಯಾರನ್ನಾದರೂ ಕೊಂದ ನಳಿಗೆಯೇ? ಲಾಕಪ್ಪಿನ ಬಾಗಿಲು ಕಣ್ಣೆದುರು ಬಂದು ನಿಂತಿತು. ವಡಪಳನಿಯ ನಮ್ಮ ಹೋಟೆಲಿನಲ್ಲಿ ಪ್ರತಿ ಆಯುಧಪೂಜೆಗೆ ಗ್ರೈಂಡರು, ಈಳಿಗೆಮಣೆಗಳ ಜೊತೆ ಈ ಕೋವಿಯನ್ನೂ ಇಡುತ್ತಿದ್ದೆವು. ಅಪ್ಪ ಬೊಟ್ಟಿಡುತ್ತಿದ್ದುದು ಅದೇ ಜಾಗಕ್ಕೆ. ಚಿಕ್ಕವಳಿದ್ದಾಗ ಒರೆಸಲು ಹೋಗಿ ಬೈಸಿಕೊಂಡಿದ್ದೆ: "ಮುಟ್ಬೇಡ ಮಾರಾಯ್ತಿ, ದೇವರ ಬೊಟ್ಟು ಅದು!"

ಹಾಗಾದರೆ ಅಪ್ಪನಿಗೆ ಗೊತ್ತಿತ್ತು. ಎದ್ದು ಓಡೋಣವೆನಿಸಿತು.

ಮುದುಕ ಮರದ ಭಾಗ ಬಿಚ್ಚಿ, ನಳಿಗೆಯ ತಳದಲ್ಲಿದ್ದ ಅಕ್ಕಿಕಾಳಿನಷ್ಟು ಸಣ್ಣ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿದ. ಎಷ್ಟು ಹೊತ್ತು ನೋಡಿದನೋ, ನಾನು ಲೈಸೆನ್ಸಿನ ನಂಬರನ್ನು ಮತ್ತೆ ಮತ್ತೆ ಓದಿದೆ.

"ಭಯಪ್ಪಡಾದೀಂಗಮ್ಮಾ," ಹೆದರಬೇಡಿ ಎಂದ ಕೊನೆಗೆ ತಮಿಳಿನಲ್ಲಿ. ಹಳೆಯ ನಳಿಗೆ ಕೆಟ್ಟಾಗ ಕಾರ್ಖಾನೆಯವರೇ ಬೇರೆಯದನ್ನು ಜೋಡಿಸಿ ಒತ್ತುವ ಗುರುತಂತೆ ಅದು. ತಾನೇ ಬರೆದುಕೊಡುತ್ತೇನೆ, ಪೊಲೀಸರದೇನೂ ತಕರಾರಿರುವುದಿಲ್ಲ ಎಂದ.

ಯಾರನ್ನೂ ಕೇಳುವ ಧೈರ್ಯ ಸಾಲದೆ ಅಪ್ಪ ಬದುಕಿಡೀ ತಮ್ಮ ಹೆದರಿಕೆಗೆ ಕುಂಕುಮ ಹಚ್ಚಿದ್ದರು. ಈ ವರ್ಷದ ಪೂಜೆಗೆ ಅದೇ ಜಾಗಕ್ಕೆ ನಾನೂ ಏನೊಂದೂ ತಿಳಿಯದೆ ಹಚ್ಚಿ, ಕಣ್ಣು ಮುಚ್ಚಿ ಕೈಮುಗಿದಿದ್ದೆ.