ಸ್ಕ್ರೀನ್ ಮೇಲೆ ಕಾಣಿಸ್ತಲ್ಲ ಸರ್

ಭದ್ರಾವತಿಯ ಒಂದು ಕಾಲೇಜಿನವರು ಅಧ್ಯಾಪಕರ ಪ್ರಾಜೆಕ್ಟ್ ಸ್ಪರ್ಧೆಗೆ ನನ್ನನ್ನು ಜಡ್ಜ್ ಮಾಡಿದ್ದರು. ಶಿವಮೊಗ್ಗದಿಂದ ಬಸ್ಸಲ್ಲಿ ಬಂದಿಳಿದವರೆಲ್ಲ ಅಲ್ಲಿ ತಜ್ಞರೇ.

ಮೊದಲ ಟೇಬಲ್ಲಿನ ಲೆಕ್ಚರರ್, ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿದ್ದ ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಕೈಗಿತ್ತರು. ಸರಿಯಾಗಿದೆಯೋ ಇಲ್ಲವೋ ಅಂತ ಎರಡಕ್ಕೆ ಮೂರು ಕೂಡಿಸಿದೆ. ಐದು ಬಂತು.

"ಅದಲ್ಲ ಸರ್, ನನ್ನ ಪ್ರೋಗ್ರಾಂ ನೋಡಿ. ಸಿ ಭಾಷೇಲಿ ಬರ್ದು, ಕಂಪೈಲ್ ಮಾಡಿ ಹಾಕಿದೀನಿ. ಕಬ್ಬಿಣದ ಸರಳಿನ ತೂಕ ಕಣ್ಣು ಮುಚ್ಚಿ ಬಿಡೋದ್ರೊಳಗೆ ಹೇಳುತ್ತೆ."

ಹೇಳಿತು. ಸರಳೊಂದಕ್ಕೆ ಏಳು ಕೆಜಿ. ಹತ್ತು ಸರಳಿಗೆ ಎಷ್ಟಾಗುತ್ತೆ ಅಂತ, ಹಿಂದಿನ ಉತ್ತರವನ್ನು ಕರೆಯುವ ಆನ್ಸ್ ಬಟನ್ ಒತ್ತಿ ಹತ್ತರಿಂದ ಗುಣಿಸಿದೆ. ಎಪ್ಪತ್ತು ಬರಬೇಕಾದಲ್ಲಿ ಐವತ್ತು ಬಂತು! ನಾನು ಕೂಡಿಸಿದ್ದ ಐದನ್ನೇ ಅದು ಇನ್ನೂ ಹಿಡಿದುಕೊಂಡು ಕೂತಿತ್ತು.

"ನಿಮ್ಮ ಪ್ರೋಗ್ರಾಂ ಉತ್ತರ ತೋರಿಸ್ತು ಅಷ್ಟೆ. ಕ್ಯಾಲ್ಕುಲೇಟರಿಗೆ ವಾಪಸ್ ಕೊಡಲೇ ಇಲ್ವಲ್ಲ," ಅಂದೆ.

ಅವರಿಗೆ ನನ್ನ ಮೇಲೆ ಕನಿಕರ ಬಂತು. "ಸ್ಕ್ರೀನ್ ಮೇಲೆ ಕಾಣಿಸ್ತಲ್ಲ ಸರ್. ನಮ್ಮ ಹುಡುಗರು ಅದನ್ನ ಅಬ್ಸರ್ವೇಶನ್ ಬುಕ್ಕಲ್ಲಿ ಬರ್ಕೊಂಡು, ಎಚ್‌ಓಡಿ ಸಹಿ ಹಾಕಿಸ್ಕೊಂಡು, ಆಮೇಲೆ ಮತ್ತೆ ಟೈಪ್ ಮಾಡ್ತಾರೆ. ಮೊದ್ಲಿಂದ ಹಾಗೇ ನಡ್ಕೊಂಡು ಬಂದಿದೆ."

ಸಮಾರೋಪದಲ್ಲಿ ಮೈಕ್ ಹಿಡಿದು ಅವರನ್ನು ಬಾಯ್ತುಂಬ ಹೊಗಳಿದೆ. ಬಹುಮಾನವನ್ನು ಪಕ್ಕದ ಟೇಬಲ್ಲಿನ ಮೇಡಂಗೆ ಕೊಟ್ಟೆ.

ಲೆಕ್ಚರರ್ ಮುಖ ಕೆಂಪಗೆ ಮಾಡಿಕೊಂಡು ಗೇಟಿನವರೆಗೂ ಹಿಂದೆ ಬಂದರು. "ಅಷ್ಟೊಂದು ಹೊಗಳಿ, ಕೈಗೆ ಏನೂ ಕೊಡ್ಲಿಲ್ವಲ್ಲ ಸರ್!"

"ಎಲ್ರಿಗೂ ಕೇಳಿಸ್ತಲ್ಲ ಮಾರಾಯ್ರೆ," ಅಂದೆ. "ಬುಕ್ಕಲ್ಲಿ ಬರ್ಕೊಂಡು ಎಚ್‌ಓಡಿ ಸಹಿ ಹಾಕಿಸ್ಕೊಳ್ಳಿ."